ಉದ್ದನೆಯ ಗಂಡಸು, ಯಾರು ಮುಳ್ಳೇ ರುಚಿ ಎನ್ನುತ್ತಾನೋ ಅವನು

ಅಧ್ಯಕ್ಷ ಪೀಠದಲ್ಲಿರುವ ಕ್ಯಾಪ್ಟನ್ ಎಸ್ಕಾನ್ಯೊ ಅವರೇ, ಆಶೀರ್ವದಿಸಲು ಬಂದಿರುವ ಫಾದರ್ ಅವರೇ, ಟಿಕೆಟ್ ಕೌಂಟರಿನ ಸಹೋದ್ಯೋಗಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ಪಾನ್ಸಿತ್ ಶ್ಯಾವಿಗೆಯ ಪಾತ್ರೆಯ ಮೇಲೆ ಕಣ್ಣಿಟ್ಟು ಕುಳಿತಿರುವ ಹಮಾಲಿ ಮಿತ್ರರೇ, ಸಭಿಕರೇ,

ನಾನು ಪುರಿಂಗ್ ಗೆಲಂಗರಿನ್, ನಿಮ್ಮೆಲ್ಲರ ಅಕ್ಕ, ನಾಂಗ್ ಪುರಿಂಗ್. ನಿಮ್ಮಲ್ಲಿ ಅನೇಕರಿಗೆ ನನ್ನ ಮುಖಕ್ಕಿಂತ ನನ್ನ ದನಿ ಹೆಚ್ಚು ಪರಿಚಯ. ಇಲೊಯಿಲೊದ ಈ ಹಡಗುಕಟ್ಟೆಯ ಮೇಲಂತಸ್ತಿನ ಗಾಜಿನ ಕೋಣೆಯಲ್ಲಿ ಕುಳಿತು, ಬಾಕೊಲೊದ್, ಸೆಬು, ಪಾಲಾವಾನಿಗೆ ಹೊರಡುವ ಹಡಗುಗಳ ಹೊತ್ತನ್ನೂ ಕಳೆದುಹೋದವರ ಗುರುತನ್ನೂ ಮೈಕಿನಲ್ಲಿ ಹೇಳುತ್ತಿದ್ದವಳು ನಾನೇ. ಇವತ್ತು ನನಗೆ ನಿವೃತ್ತಿ. ಈ ಹಾರ ಬಹಳ ಭಾರವಾಗಿದೆ, ಕ್ಷಮಿಸಿ, ತೆಗೆದು ಮೇಜಿನ ಮೇಲೆ ಇಡುತ್ತೇನೆ.

ಕ್ಯಾಪ್ಟನ್ ಅವರು ಬೆಳಿಗ್ಗೆ ನನಗೆ ಹೇಳಿದರು: “ನಾಂಗ್ ಪುರಿಂಗ್, ಅಳಬೇಡಿ. ಅತ್ತರೆ ನನಗೂ ಅಳು ಬರುತ್ತೆ. ಸುಮ್ನೆ ಕೆಲಸದ ಬಗ್ಗೆ ನಾಲ್ಕು ಮಾತಾಡಿ, ಹೊಸಬರಿಗೆ ಉಪಯೋಗ ಆಗ್ಲಿ.” ಆಗಲಿ ಸಾರ್. ಕೆಲಸದ ಬಗ್ಗೆಯೇ ಮಾತಾಡುತ್ತೇನೆ. ನನ್ನ ಕೆಲಸವೆಂದರೆ ಇಷ್ಟೇ, ಒಂದು ಇಂಗ್ಲಿಷ್ ವಾಕ್ಯವನ್ನು ಸರಿಯಾಗಿ ಕಟ್ಟುವುದು.

ಇಂಗ್ಲಿಷ್ ಯಾಕೆ ಎಂದು ನೀವು ಕೇಳಬಹುದು. ನಾವು ಇಲೊಯಿಲೊದವರು ನಮ್ಮ ಮಾತಿನಲ್ಲಿ ಹೇಳಿದರೆ ಸೆಬುವಿನವರಿಗೆ ಮುನಿಸು. ಅವರ ಮಾತಿನಲ್ಲಿ ಹೇಳಿದರೆ ಮನಿಲಾದವರು ಮುಖ ಸೊಟ್ಟ ಮಾಡುತ್ತಾರೆ. ಇಂಗ್ಲಿಷಾದರೆ ಯಾರ ಮನೆಯದೂ ಅಲ್ಲ, ಎಲ್ಲರಿಗೂ ಶಾಲೆಯಲ್ಲಿ ಬೆತ್ತದ ಜೊತೆ ಬಂದದ್ದು. ಹಾಗಾಗಿ ಎಲ್ಲರೂ ಸಮಾಧಾನವಾಗಿ ಕೇಳುತ್ತಾರೆ.

ನನಗೆ ಕೆಲಸ ಕಲಿಸಿದವರು ನೋಂಗ್ ಬಾಸ್ಯೊ, ನಮಗೆಲ್ಲ ಹಿರಿಯಣ್ಣ. ನನಗಿಂತ ಮೊದಲು ಆ ಗಾಜಿನ ಕೋಣೆಯಲ್ಲಿದ್ದವರು. ಮೊದಲ ದಿನವೇ ಅವರು ಹೇಳಿದರು: “ಇಂದಾಯ್, ಮಗಳೇ, ಇಲ್ಲಿ ಹೆಸರು ಕೂಗೋ ಹಾಗಿಲ್ಲ. ಮಗುವಿನ ಹೆಸರು ಕೂಗಿದ್ರೆ, ಅದನ್ನ ಕೇಳಿಸಿಕೊಂಡ ಯಾವನೋ ಆ ಹೆಸರು ಹಿಡಿದು ಕರೆದುಕೊಂಡು ಹೋಗಿಬಿಡ್ತಾನೆ. ಗುರುತು ಹೇಳು, ಹೆಸರು ಹೇಳಬೇಡ.” ಇದು ನಮ್ಮ ಕಟ್ಟೆಯ ಕಟ್ಟಳೆ, ಇವತ್ತಿಗೂ ಮುರಿದಿಲ್ಲ.

ಗುರುತು ಹೇಳುವುದು ಹೇಗೆ? ಇಂಗ್ಲಿಷಿನಲ್ಲಿ ಮೊದಲು ವಿಶೇಷಣ ಬರುತ್ತದೆ: ಗಾತ್ರ, ಬಣ್ಣ. ಆಮೇಲೆ ನಾಮಪದ: ಹುಡುಗ, ಹೆಂಗಸು, ಚೀಲ. ಅದಾದ ಮೇಲೆ ‘ಹೂ’ ಎಂಬ ಸಣ್ಣ ಪದ, ನಮ್ಮ ‘ಯಾರು’ ಇದ್ದ ಹಾಗೆ. ಚೀಲಕ್ಕಾದರೆ ‘ದಟ್’. ಈ ಸಣ್ಣ ಪದವನ್ನು ನೋಂಗ್ ಬಾಸ್ಯೊ ಕೊಂಡಿ ಎನ್ನುತ್ತಿದ್ದರು. ಸರಕಿನ ಮೂಟೆಗೆ ಕೊಂಡಿ ಹಾಕಿ ಎಳೆದ ಹಾಗೆ, ಆ ಕೊಂಡಿಗೆ ಸಿಕ್ಕಿಸಿದ್ದೇ ನಿಜವಾದ ಗುರುತು. ‘ಹಳದಿ ಅಂಗಿಯ ಪುಟ್ಟ ಹುಡುಗ, ಯಾರು ಕೈಯಲ್ಲಿ ಒಂದೇ ಚಪ್ಪಲಿ ಹಿಡಿದುಕೊಂಡಿದ್ದಾನೋ ಅವನು.’ ಕೇಳಿದಿರಾ? ಹಳದಿ ಅಂಗಿ ಎಷ್ಟು ಜನರಿಗೆ ಇಲ್ಲ? ಚುನಾವಣೆ ಬಂದರೆ ಇಡೀ ಕಟ್ಟೆಯೇ ಪುಕ್ಕಟೆ ಸಿಕ್ಕ ಹಳದಿ ಅಂಗಿ ತೊಟ್ಟು ಓಡಾಡುತ್ತದೆ. ಒಂದೇ ಚಪ್ಪಲಿ ಹಿಡಿದವನು ಮಾತ್ರ ಒಬ್ಬನೇ.

ಆದರೆ ಜನ ವಿಶೇಷಣವನ್ನೇ ನಂಬುತ್ತಾರೆ. ಮಗು ಕಳೆದುಕೊಂಡ ತಾಯಂದಿರು ಮೇಲೆ ಓಡಿ ಬಂದು ನನಗೆ ಏನು ಹೇಳುತ್ತಾರೆ ಗೊತ್ತೆ? “ಮ್ಯಾಮ್, ತುಂಬಾ ಮುದ್ದು ಮಗು, ತುಂಬಾ ಒಳ್ಳೆಯವನು, ಹೇಳಿದ ಮಾತು ಕೇಳ್ತಾನೆ.” ಹೇಳಿದ ಮಾತು ಕೇಳುವವನು ಕಳೆದುಹೋದದ್ದು ಹೇಗೆ ತಾಯಿ? ಮಕ್ಕಳು ಇದಕ್ಕಿಂತ ವಾಸಿ. ಅಮ್ಮ ಹೇಗಿದ್ದಾಳೆ ಎಂದು ಒಂದು ಮಗುವನ್ನು ಕೇಳಿದರೆ, “ಕೋಳಿಗೂ ಬೈಯ್ತಾಳೆ” ಎಂದಿತು. ‘ಕೋಳಿಗೂ ಬೈಯುವ ಹೆಂಗಸು’ ಎಂದು ನಾನು ಮೈಕಿನಲ್ಲಿ ಹೇಳಿ ಮುಗಿಸುವ ಮೊದಲೇ ಆಕೆ ಮೆಟ್ಟಿಲ ಮೇಲಿದ್ದಳು. ಬಂದವಳು ನನಗೂ ಬೈದಳು.

ಸಾಮಾನಿನ ವಿಷಯ ಕೇಳಲೇಬೇಡಿ. ಒಮ್ಮೆ ‘ಕಪ್ಪು ಚೀಲ, ಯಾವುದರಿಂದ ಒಣಮೀನಿನ ವಾಸನೆ ಬರುತ್ತದೋ ಅದು’ ಎಂದುಬಿಟ್ಟೆ. ನಮ್ಮ ದ್ವೀಪಗಳಲ್ಲಿ ಒಣಮೀನು ಕಟ್ಟಿಕೊಳ್ಳದೆ ಯಾರು ಪ್ರಯಾಣ ಹೊರಡುತ್ತಾರೆ? ಕೌಂಟರಿನ ಮುಂದೆ ಜಾತ್ರೆಯೇ ನೆರೆಯಿತು. ಕೊಂಡಿ ಹಾಕಿದರೆ ಸಾಲದು, ಅದಕ್ಕೆ ಏನು ಸಿಕ್ಕಿಸಬೇಕು ಎಂಬ ವಿವೇಕವೂ ಬೇಕು.

ನೋಂಗ್ ಬಾಸ್ಯೊ ಅವರ ಇನ್ನೊಂದು ಕಟ್ಟಳೆ ಇದೆ. ಕಳೆದವರು ಸಿಕ್ಕ ಮೇಲೆ ಅದೇ ವಾಕ್ಯವನ್ನು ಪೂರ್ತಿಯಾಗಿ ಮತ್ತೆ ಓದಿ, ಕೊನೆಗೆ ‘ಸಿಕ್ಕಿದ್ದಾರೆ’ ಎನ್ನಬೇಕು. “ಹಾಗೆ ಹೇಳದೆ ಇದ್ರೆ, ಇಂದಾಯ್, ನಮ್ಮ ಹಮಾಲಿಗಳು ಮೂಟೆ ಹೊತ್ತುಕೊಂಡೇ ಕತ್ತು ತಿರುಗಿಸಿ ಹುಡುಕ್ತಾನೇ ಇರ್ತಾರೆ. ಪಾಪ, ಅವರ ಕತ್ತು ಉಳಿಸು.” ಮಗುವಿರಲಿ, ಮುದುಕರಿರಲಿ, ಬೀಗದ ಕೈ ಇರಲಿ, ಆ ಒಂದು ಪದ ಹೇಳದೆ ನಾನು ಕೆಲಸ ಮುಗಿಸಿದವಳಲ್ಲ. ಒಂದು ಸಲದ ಹೊರತು. ಆ ಒಂದು ಸಲ ಯಾವುದೆಂದು ಹಿಂದಿನ ಸಾಲಿನವರಿಗೆಲ್ಲ ಗೊತ್ತು. ಈಗ ಅವರ ಕಣ್ಣು ಶ್ಯಾವಿಗೆಯ ಮೇಲಿಲ್ಲ.

ಸಭಿಕರೇ, ನನ್ನ ಗಂಡ ಪುಲೊಂಗ್ ಇದೇ ಕಟ್ಟೆಯಿಂದ ಪಾಲಾವಾನಿನ ಹಡಗು ಹತ್ತಿದರು. ಮೀನುಗಾರಿಕೆಯ ಕೆಲಸ, ಕ್ರಿಸ್ಮಸ್ಸಿಗೆ ಬರುತ್ತೇನೆ ಎಂದರು. ಆ ಕ್ರಿಸ್ಮಸ್ ಬಂತು, ಅದರ ಮುಂದಿನದೂ ಬಂತು, ಅವರು ಬರಲಿಲ್ಲ. ನನಗೆ ಮಕ್ಕಳಿಲ್ಲ. ಕೈಯಲ್ಲಿ ಮೈಕು ಇತ್ತು. ಸಂಜೆಯ ಪಾಲಾವಾನ್ ಹಡಗು ಬಂದು ನಿಂತಾಗ, ಬೇರೆ ಪ್ರಕಟಣೆಗಳ ಮಧ್ಯೆ ನಾನು ನನ್ನದೊಂದನ್ನು ಸೇರಿಸತೊಡಗಿದೆ. ನೋಂಗ್ ಬಾಸ್ಯೊ ಬದುಕಿದ್ದರು, ಕೇಳಿಸಿಕೊಂಡರು, ಬೇಡವೆನ್ನಲಿಲ್ಲ. ‘ಉದ್ದನೆಯ, ಕಪ್ಪು ಕೂದಲಿನ, ಸುಂದರ ಗಂಡಸು ದಯವಿಟ್ಟು ಕೌಂಟರಿಗೆ ಬರಬೇಕು.’ ನೋಡಿದಿರಾ, ತಾಯಂದಿರನ್ನು ನೋಡಿ ನಕ್ಕವಳು ನಾನೂ ಅದನ್ನೇ ಮಾಡಿದೆ. ಹಮಾಲಿ ಕಾದ್ಯೊ ಮೇಲೆ ಬಂದು ಹೇಳಿದ: “ನಾಂಗ್, ಸುಂದರ ಅಂತ ಕೂಗಬೇಡಿ. ಹಡಗಿಂದ ಇಳಿಯೋರೆಲ್ಲ ತಲೆ ಬಾಚಿಕೊಂಡು ನಿಂತ್ಕೋತಾರೆ.”

ವರ್ಷಗಳು ಕಳೆದವು. ಒಂದು ದಿನ ಕನ್ನಡಿಯಲ್ಲಿ ನನ್ನ ನರೆಗೂದಲು ನೋಡಿದಾಗ ಹೊಳೆಯಿತು, ಅವರ ಕೂದಲೂ ಈಗ ಕಪ್ಪಾಗಿರಲಾರದು. ಸೌಂದರ್ಯವೂ ಅಷ್ಟಕ್ಕಷ್ಟೇ ಇರಬೇಕು. ವಿಶೇಷಣಗಳಿಗೆ ವಯಸ್ಸಾಗುತ್ತದೆ. ಕೊಂಡಿಗೆ ಸಿಕ್ಕಿಸಿದ್ದಕ್ಕೆ ಆಗುವುದಿಲ್ಲ. ಆಗ ವಾಕ್ಯ ಬದಲಿಸಿದೆ. ‘ಉದ್ದನೆಯ ಗಂಡಸು, ಯಾರು ಬಾಂಗುಸ್ ಮೀನಿನ ಹೊಟ್ಟೆಯ ಭಾಗವನ್ನು ಬಿಡಿಸಿ ಪಕ್ಕದವರ ತಟ್ಟೆಗೆ ಹಾಕಿ, ತನಗೆ ಮುಳ್ಳೇ ರುಚಿ ಎನ್ನುತ್ತಾನೋ ಅವನು.’ ಆ ಮೀನಿನಲ್ಲಿ ರುಚಿಯಿರುವುದೇ ಹೊಟ್ಟೆಯಲ್ಲಿ, ಉಳಿದದ್ದೆಲ್ಲ ಮುಳ್ಳು. ನಮ್ಮ ಮನೆಯಲ್ಲಿ ಆ ಪಕ್ಕದ ತಟ್ಟೆ ನನ್ನದಾಗಿತ್ತು.

ಕಾದ್ಯೊ ಹುಡುಕಿದ. ಕಟ್ಟೆಯ ಹಮಾಲಿಗಳೆಲ್ಲ ಹುಡುಕಿದರು. “ನಾಂಗ್, ಇವತ್ತೂ ಕ್ಯಾಂಟೀನಲ್ಲಿ ಎಲ್ಲರ ತಟ್ಟೆ ನೋಡ್ದೆ. ಹೊಟ್ಟೆ ಭಾಗ ಎಲ್ಲ ಅವರವರೇ ತಿಂತಾರೆ. ಹಾಳು ಜನ!” ಎಂದು ವರದಿ ಒಪ್ಪಿಸುತ್ತಿದ್ದ. ಇಂಥ ಜನರ ನಡುವೆ ಕೆಲಸ ಮಾಡಿದ್ದು ನನ್ನ ಭಾಗ್ಯ.

ಕಳೆದ ವರ್ಷ ಒಂದು ಸಂಜೆ, ಪಾಲಾವಾನಿನ ಹಡಗು ಬಂದ ಮೇಲೆ, ಒಬ್ಬ ಹುಡುಗಿ ಗಾಜಿನ ಬಾಗಿಲು ತಟ್ಟಿದಳು. ನರ್ಸಿಂಗ್ ಓದಲು ಬಂದವಳು, ಹೆಸರು ಲಿಯೊಬೆಲ್. “ಮ್ಯಾಮ್, ಈಗ ಹೇಳಿದ್ರಲ್ಲ, ಆ ಮಾತು ಅರ್ಧಕ್ಕೇ ನಿಲ್ಲಿಸಿದ್ರಿ. ಪೂರ್ತಿ ಮಾಡ್ಲಾ?” ಎಂದಳು. ಮಾಡು ಎಂದೆ. “‘ನನಗೆ ಮುಳ್ಳೇ ರುಚಿ, ಮುಳ್ಳು ತಿನ್ನೋನು ಊಟದಲ್ಲಿ ಜಗಳ ಆಡಲ್ಲ.’ ನಮ್ಮಪ್ಪ ದಿನಾ ಹೇಳ್ತಿದ್ರು.”

ಆ ಉಳಿದರ್ಧವನ್ನು ನಾನು ಯಾವತ್ತೂ ಮೈಕಿನಲ್ಲಿ ಹೇಳಿರಲಿಲ್ಲ. ಅಪ್ಪನ ಹೆಸರೇನು ಎಂದು ಕೇಳಿದೆ. ಅವಳು ಹೇಳಿದ ಹೆಸರು ನನ್ನ ಗಂಡನದಲ್ಲ. ಅಲ್ಲಿ ಅವರು ಬೇರೆ ಹೆಸರಿಟ್ಟುಕೊಂಡು ಬೇರೆ ಸಂಸಾರ ಹೂಡಿದ್ದರು. ನಾನು ಹೆಸರು ಹಿಡಿದು ಕೂಗಿದ್ದರೆ ಸಾಯುವವರೆಗೂ ಕೂಗುತ್ತಲೇ ಇರಬೇಕಾಗಿತ್ತು. “ಅಪ್ಪ ಎಲ್ಲಿದ್ದಾರಮ್ಮ?” ಎಂದೆ. “ಹೋದ ಮಳೆಗಾಲದಲ್ಲಿ ತೀರ್ಕೊಂಡ್ರು ಮ್ಯಾಮ್. ಅಮ್ಮ ಮೊದಲೇ ಹೋಗಿದ್ರು. ನೀವು ಅಪ್ಪನಿಗೆ ಏನಾಗಬೇಕು?”

ಏನಾಗಬೇಕು ಎಂದು ಹೇಳಿದೆ. ಅವಳು ಮೆಟ್ಟಿಲಿಳಿದು ಓಡಿಹೋದಳು. ನನಗೆ ಸಿಟ್ಟು ಬಂತು, ಸಭಿಕರೇ. ಸತ್ತವರ ಮೇಲೆ ಬಂತು, ಆ ಹುಡುಗಿಯ ಮೇಲೂ ಬಂತು. ಆ ಹೊಟ್ಟೆಯ ಭಾಗವನ್ನು ಇಷ್ಟು ವರ್ಷ ಅವಳು ತಿಂದಳಲ್ಲ ಎಂದು ಬಂತು. ಇಂಥ ಸಣ್ಣತನ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಅವತ್ತಿನಿಂದ ಆ ವಾಕ್ಯವನ್ನು ನಾನು ಹೇಳಲಿಲ್ಲ. “ನಾಂಗ್, ನಿಮ್ಮ ಮನುಷ್ಯನ್ನ ಕೂಗೋದು ಯಾಕೆ ಬಿಟ್ರಿ?” ಎಂದು ಕಾದ್ಯೊ ಕೇಳಿದ. ಗಂಟಲು ಸರಿಯಿಲ್ಲ ಎಂದೆ. ‘ಸಿಕ್ಕಿದ್ದಾನೆ’ ಎಂದರೆ, ಎಲ್ಲಿ, ಹೇಗೆ, ಯಾರ ಜೊತೆ ಎಂದು ಇಡೀ ಕಟ್ಟೆಯೇ ಕೇಳುತ್ತಿತ್ತು. ಉತ್ತರ ಹೇಳಲು ನಾಚಿಕೆಯಾಗಿತ್ತು. ಹಮಾಲಿಗಳು ಈಗಲೂ ಕ್ಯಾಂಟೀನಿನಲ್ಲಿ ತಟ್ಟೆಗಳನ್ನು ನೋಡುತ್ತಾರೆ. ನೋಡುತ್ತೀರಿ ತಾನೆ ಕಾದ್ಯೊ? ನನಗೆ ಗೊತ್ತು.

ಒಂದು ಭಾನುವಾರ ಲಿಯೊಬೆಲ್ ನನ್ನ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಮಾರುಕಟ್ಟೆಯಿಂದ ತಂದ ಬಾಂಗುಸ್. ಸುಟ್ಟು, ಬಡಿಸಿಕೊಂಡು, ಇಬ್ಬರೂ ಊಟಕ್ಕೆ ಕುಳಿತೆವು. ಅವಳು ಹೊಟ್ಟೆಯ ಭಾಗವನ್ನು ಬಿಡಿಸಿ ನನ್ನ ತಟ್ಟೆಗೆ ಹಾಕಿದಳು. ಮುಳ್ಳಿನ ತುಂಡನ್ನು ತನ್ನ ತಟ್ಟೆಗೆ ಹಾಕಿಕೊಂಡಳು. ನಾನು ತಿಂದೆ. ಅತ್ತುಕೊಂಡೇ ತಿಂದೆ. ಅಂದಿನಿಂದ ಪ್ರತಿ ಭಾನುವಾರ ಬರುತ್ತಾಳೆ, ನಾನೂ ಬೆಳಿಗ್ಗೆಯೇ ಒಲೆ ಹಚ್ಚಿ ದಾರಿ ಕಾಯುತ್ತೇನೆ.

ಕ್ಯಾಪ್ಟನ್ ಸಾರ್, ಕೆಲಸದ ಬಗ್ಗೆಯೇ ಮಾತಾಡುತ್ತಿದ್ದೇನೆ, ದಾರಿ ತಪ್ಪಿಲ್ಲ. ನಾಳೆಯಿಂದ ಮೈಕು ನನ್ನದಲ್ಲ. ಬಾಕಿಯಿರುವ ಎರಡು ಪ್ರಕಟಣೆಗಳನ್ನು ಇಲ್ಲೇ ಮುಗಿಸುತ್ತೇನೆ.

ಹಸಿರು ಅಂಗಿಯ ಹುಡುಗಿ, ಯಾರು ಬಾಗಿಲ ಹತ್ತಿರ ಗೋಡೆಗೊರಗಿ ನಿಂತು, ಕುರ್ಚಿ ಖಾಲಿಯಿದ್ದರೂ ಕುಳಿತುಕೊಳ್ಳಲು ಅಂಜುತ್ತಿದ್ದಾಳೋ ಅವಳು, ಯಾರು ತನ್ನ ಪಾಲನ್ನು ನನ್ನ ತಟ್ಟೆಗೆ ಹಾಕುತ್ತಾಳೋ ಅವಳು, ದಯವಿಟ್ಟು ಮುಂದೆ ಬಂದು ಮೊದಲ ಸಾಲಿನಲ್ಲಿ, ಮನೆಯವರಿಗೆಂದು ಇಟ್ಟಿರುವ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು. ಬಾ ಇಂದಾಯ್. ಕಾದ್ಯೊ, ಸ್ವಲ್ಪ ಅವಳಿಗೆ ದಾರಿ ಬಿಡಿ.

ಇನ್ನೊಂದು. ಉದ್ದನೆಯ ಗಂಡಸು, ಯಾರು ಬಾಂಗುಸ್ ಮೀನಿನ ಹೊಟ್ಟೆಯ ಭಾಗವನ್ನು ಬಿಡಿಸಿ ಪಕ್ಕದವರ ತಟ್ಟೆಗೆ ಹಾಕಿ, ತನಗೆ ಮುಳ್ಳೇ ರುಚಿ ಎನ್ನುತ್ತಾನೋ ಅವನು, ಸಿಕ್ಕಿದ್ದಾನೆ. ಇಷ್ಟು ವರ್ಷ ನನ್ನ ಜೊತೆ ಹುಡುಕಿದ ನಿಮ್ಮೆಲ್ಲರಿಗೂ ಧನ್ಯವಾದ. ಇನ್ನು ಹುಡುಕುವುದು ಬೇಡ. ನಮಸ್ಕಾರ.