ಮೂರನೆಯ ಸಲ ತುಳಿದಾಗ

ನನ್ನ ಹೆಸರು ಮಾಲವ್ವ ಗಂಡ ಕರಿಬಸಪ್ಪ ಹೊಸೂರ, ವಯಸ್ಸು ಸುಮಾರು 41 ವರ್ಷ, ಉದ್ಯೋಗ ಹೊಲದ ಕೂಲಿ, ವಾಸ ಸಾಂಬ್ರಾಣಿ ಗ್ರಾಮ, ತಾಲೂಕು ಹಳಿಯಾಳ. ಇಂದು ದಿನಾಂಕ 10-9-1962 ಸೋಮವಾರ ಬೆಳಿಗ್ಗೆ 11 ಗಂಟೆಗೆ ಠಾಣೆಗೆ ಹಾಜರಾಗಿ, ಜಮಾದಾರರು ಕೇಳಿದ್ದಕ್ಕೆ ಹೇಳಿ ಬರೆಸುವುದೇನೆಂದರೆ:

ನಾನು ವಿಧವೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಹೊರಗೆ ಬಂದಿದ್ದವು. ಹಾಗೆ ಹುಟ್ಟಿದವರು ತುಳಿದರೆ ಹಿಡಿದ ನಡ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ನಾನು ಏಳು ವರ್ಷದವಳಿದ್ದಾಗಿನಿಂದ ಊರವರ ನಡ ತುಳಿಯುತ್ತ ಬಂದಿದ್ದೇನೆ. ನೋವಿದ್ದವರನ್ನು ಬೋರಲು ಮಲಗಿಸಿ, ನನ್ನ ಬಲಗಾಲಿನ ಹಿಮ್ಮಡಿಗೆ ಎಣ್ಣೆ ಹಚ್ಚಿಕೊಂಡು, ನಡದ ಮೇಲೆ ಮೂರು ಸಲ ಒತ್ತುತ್ತೇನೆ. ಬೇರೆ ಔಷಧ, ಮಂತ್ರ ನನಗೆ ಗೊತ್ತಿಲ್ಲ.

ಫಿರ್ಯಾದಿಯಲ್ಲಿ ನಾನು ನಡ ತುಳಿದೆನೆಂದು ಹೇಳಿರುವ ಈಶಪ್ಪನ ಮನೆ ನನ್ನ ಮನೆಯಿಂದ ನಲವತ್ತು ಹೆಜ್ಜೆ. ಅವನ ವಯಸ್ಸು 26. ತಾಯಿ ಮುದಕವ್ವನ ಜೊತೆ ಇದ್ದು ಹೊಲ ನೋಡಿಕೊಳ್ಳುತ್ತಾನೆ. ಅವನ ಅಣ್ಣ ಅಂದಾನೆಪ್ಪ ದಾಂಡೇಲಿಯಲ್ಲಿ ಕೆಲಸಕ್ಕಿದ್ದಾನೆ. ನನ್ನ ಮೇಲೆ ಫಿರ್ಯಾದಿ ಕೊಟ್ಟವನು ಈ ಅಂದಾನೆಪ್ಪನೇ. ನಮ್ಮೂರಲ್ಲಿ ನಾಗರಪಂಚಮಿಗೆ ಬಸವಣ್ಣನ ಗುಡಿಯ ಮುಂದೆ ಗುಂಡುಕಲ್ಲು ಎತ್ತುವ ರೂಢಿ ಇದೆ. ಕಲ್ಲು ಒಂದೂವರೆ ಚೀಲ ಭತ್ತದ ತೂಕ ಇದೆ ಎನ್ನುತ್ತಾರೆ. ನಾಲ್ಕು ವರ್ಷದಿಂದ ಅದನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆದವನು ಈಶಪ್ಪ ಒಬ್ಬನೇ.

ದಿನಾಂಕ 29-7-1962 ರವಿವಾರ ಬೆಳಿಗ್ಗೆ ಸುಮಾರು 6 ಗಂಟೆಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಈಶಪ್ಪ ಬಾಗಿಲ ಹೊರಗೆ ನಿಂತು ಕರೆದನು. ನನ್ನ ಮನೆಯ ಬಾಗಿಲು ನಾಲ್ಕು ಅಡಿ ಎತ್ತರವಿದ್ದು ಎಲ್ಲರೂ ಬಗ್ಗಿಯೇ ಒಳಗೆ ಬರಬೇಕು. ಅವನಿಗೆ ಬಗ್ಗಲು ಬರಲಿಲ್ಲ. ಹೊಸ್ತಿಲ ಹೊರಗೆ ಮಂಡಿಯೂರಿ, ಹಾಗೆಯೇ ಮಂಡಿಯ ಮೇಲೆ ಒಳಗೆ ಬಂದನು. ಹಿಂದಿನ ದಿನ ಗರಡಿಯಲ್ಲಿ ಕಲ್ಲು ಎತ್ತಿ ತಾಲೀಮು ಮಾಡುವಾಗ ನಡ ಹಿಡಿಯಿತೆಂದೂ, ನೋವು ಎಡಗಡೆಯ ಕುಂಡೆಯಿಂದ ಮೊಣಕಾಲ ಹಿಂದಿನವರೆಗೆ ಕಾದ ತಂತಿಯ ಹಾಗೆ ಇಳಿಯುತ್ತದೆಂದೂ, ಯಾರಿಗೂ ಹೇಳಬಾರದೆಂದೂ ಹೇಳಿದನು. ನಾನು ಮೂರು ಸಲ ತುಳಿದೆ. ಸ್ವಲ್ಪ ಹಗುರವಾಯಿತು ಎಂದನು. ನಾನು, "ತಮ್ಮಾ, ಈ ಸಲ ಕಲ್ಲು ಮುಟ್ಟಬ್ಯಾಡ. ಒಂದ ತಿಂಗಳು ಭಾರ ಎತ್ತಬ್ಯಾಡ," ಎಂದೆ. ಅದಕ್ಕೆ ಅವನು ನಕ್ಕು, "ಸನವಳ್ಳಿ ಹಿರ್ಯಾರು ನೋಡಾಕ ಬರಾವ್ರ ಅದಾರ, ಮಾಲಕ್ಕ. ನಡಾ ಹೋದಾವಗ ಯಾರ ಹೆಣ್ಣು ಕೊಡ್ತಾರ?" ಎಂದನು.

ಸನವಳ್ಳಿಯ ಶಂಕ್ರಪ್ಪ ಎಂಬವರ ಮಗಳನ್ನು ಅವನಿಗೆ ಗೊತ್ತು ಮಾಡುವ ಮಾತು ನಡೆದಿತ್ತು. ಹಿಂದೆ ಎರಡು ಕಡೆ ಮಾತು ಮುರಿದಿದ್ದರಿಂದ ಮುದಕವ್ವನಿಗೆ ಇದರ ಚಿಂತೆ ಬಹಳ ಇತ್ತು.

ದಿನಾಂಕ 5-8-1962 ರವಿವಾರ ಪಂಚಮಿ. ಸಂಜೆ 4 ಗಂಟೆಯ ಸುಮಾರಿಗೆ ನಾನು ಗುಡಿಯಿಂದ ಮೂವತ್ತು ಹೆಜ್ಜೆ ದೂರ ಹುಣಸೆಮರದ ಕೆಳಗೆ ನಿಂತಿದ್ದೆ. ಜಿಟಿಜಿಟಿ ಮಳೆ ಇದ್ದು ಕಲ್ಲು ತೊಯ್ದಿತ್ತು. ಮೊದಲು ಇಬ್ಬರು ಎತ್ತಿ ಮೊಣಕಾಲಿಗೇ ಬಿಟ್ಟರು. ನಂತರ ಈಶಪ್ಪ ಬಂದನು. ಕಲ್ಲನ್ನು ತೊಡೆಯ ಮೇಲೆ ತಂದು, ಎದೆಗೆ ತಂದು, ಬಲಹೆಗಲಿಗೆ ಏರಿಸಿದನು. ಜನ ಕೂಗುತ್ತಿದ್ದರು. ಹಿಂದಕ್ಕೆ ಒಗೆಯಲು ಮೈ ತಿರುವಿದಾಗ ಅವನ ಮುಖ ನನ್ನ ಕಡೆ ಇತ್ತು. ಬಾಯಿ ತೆರೆಯಿತು, ಆದರೆ ದನಿ ಬರಲಿಲ್ಲ. ಕಲ್ಲು ಹಿಂದೆ ಬಿತ್ತು. ಅವನು ಎರಡೂ ಕೈ ಮಂಡಿಯ ಮೇಲಿಟ್ಟು ಹಾಗೆಯೇ ನಿಂತನು. ಮಾಲೆ ಹಾಕಲು ಹೋದವರು ಅವನೇ ತಲೆ ಬಾಗಿಸಿದ್ದಾನೆಂದು ತಿಳಿದು ಹಾಕಿದರು. ಶಂಕ್ರಪ್ಪನವರು ಬೆನ್ನು ತಟ್ಟಿದರು. ಅವನು ನೆಟ್ಟಗಾಗಲಿಲ್ಲ. ಗರಡಿಯ ಗೆಳೆಯರು ನಾಲ್ವರು ಬಗಲಿಗೆ ಕೈ ಕೊಟ್ಟು, ಮೆರವಣಿಗೆ ಎಂಬಂತೆ ಕೂಗುತ್ತ ಮನೆಗೆ ಒಯ್ದರು.

ಸಂಜೆ ಸುಮಾರು 5-30ಕ್ಕೆ ಮುದಕವ್ವ ನನ್ನ ಮನೆಗೆ ಬಂದು ಕರೆದಳು. ಯಾರೂ ಕರೆಯದೆ ನಾನೇ ಹೋಗಿ ತುಳಿದೆನೆಂದು ಫಿರ್ಯಾದಿಯಲ್ಲಿ ಬರೆದದ್ದು ಸರಿಯಲ್ಲ. ಹಬ್ಬದ ದಿನ ಯಾರೂ ನನ್ನನ್ನು ಮನೆಗೆ ಕರೆಯುವುದಿಲ್ಲ, ನಾನೂ ಹೋಗುವುದಿಲ್ಲ. ಹಿತ್ತಲ ಬಾಗಿಲಿನಿಂದ ಒಳಗೆ ಹೋದೆವು. ಶಂಕ್ರಪ್ಪನವರು ಹೊರಗಿನ ಕಟ್ಟೆಯ ಮೇಲೆ ಕುಳಿತು ಪಂಚಮಿ ಉಂಡಿ ತಿನ್ನುತ್ತಿದ್ದರು. ಹುಡುಗ ಜಳಕ ಮಾಡುತ್ತಿದ್ದಾನೆಂದು ಅವರಿಗೆ ಹೇಳಲಾಗಿತ್ತು. ನಡುವೆ ಒಂದೇ ಗೋಡೆ.

ಈಶಪ್ಪ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಬೋರಲು ಬಿದ್ದಿದ್ದನು. ಕೊರಳಲ್ಲಿ ಮಾಲೆ ಇನ್ನೂ ಇತ್ತು. ಮುದಕವ್ವ, "ಲಗೂನ ತುಳಿ. ಅವರು ಏಳೂದ್ರಾಗ ಇಂವಾ ಎದ್ದು ಹೊರಗ ಬರಬೇಕು," ಎಂದು ಹೇಳಿ, ಕೂಗಬಾರದೆಂದು ಮಗನ ಬಾಯಿಗೆ ಟವೆಲ್ ಕೊಟ್ಟು, ಎಣ್ಣೆ ತರಲು ಅಡಿಗೆಮನೆಗೆ ಹೋದಳು. ಆಗ ಕೋಣೆಯಲ್ಲಿ ನಾವಿಬ್ಬರೇ. ಈಶಪ್ಪ ಟವೆಲ್ ತೆಗೆದು ಮೆಲ್ಲಗೆ, "ಮಾಲಕ್ಕ, ಎಡಗಾಲು ಐತೋ ಇಲ್ಲೋ ತಿಳಿವಲ್ದು. ಕೂಡೂ ಜಾಗಾನೂ ಜೋಮು ಹಿಡದೈತಿ. ಅವ್ವಗ ಹೇಳಬ್ಯಾಡ," ಎಂದನು. ನಾನು ಅವನ ಎಡಗಾಲಿನ ಹೆಬ್ಬೆರಳನ್ನು ಉಗುರಿನಿಂದ ಚಿವುಟಿದೆ. ರಕ್ತ ಕಾಣುವಷ್ಟು ಚಿವುಟಿದೆ. "ಎಲ್ಲಿ ಮುಟ್ಟಿದೆ?" ಎಂದು ಕೇಳಿದ್ದಕ್ಕೆ, "ಇನ್ನೂ ಮುಟ್ಟೇ ಇಲ್ಲಲಾ," ಎಂದನು.

ಅಷ್ಟರಲ್ಲಿ ಮುದಕವ್ವ ಎಣ್ಣೆ ತಂದಳು. ನಾನು ಅವಳಿಗೆ ಏನೂ ಹೇಳಲಿಲ್ಲ. ಹಿಮ್ಮಡಿಗೆ ಎಣ್ಣೆ ಹಚ್ಚಿಕೊಂಡು ತುಳಿದೆ. ಎರಡು ಸಲ ಎಂದಿನಂತೆ ಇತ್ತು. ಮೂರನೆಯ ಸಲ ತುಳಿದಾಗ ನನ್ನ ಹಿಮ್ಮಡಿಯ ಕೆಳಗೆ, ಒಳಗೆ, ಏನೋ ಸರಿಯಿತು. ಮೂವತ್ತನಾಲ್ಕು ವರ್ಷದಲ್ಲಿ ಹಾಗೆ ಎಂದೂ ಆಗಿರಲಿಲ್ಲ. ತುಳಿದಾಗ ಎಂಥವರೂ ಒಮ್ಮೆ ನರಳುತ್ತಾರೆ. ಅವನು ನರಳಲಿಲ್ಲ. ಮುದಕವ್ವ, "ಬಿಡ್ತು ನೋಡು, ಆರಾಮಾತು," ಎಂದು ಕೈ ಮುಗಿದಳು. ನಾನು ಹಿಮ್ಮಡಿಯ ಎಣ್ಣೆ ಒರೆಸಿಕೊಂಡೆ. ಹೋಗುವಾಗ ನನ್ನ ಸೆರಗಿಗೆ ನಾಲ್ಕು ಉಂಡಿ ಹಾಕಿದಳು. ಇಸಿದುಕೊಂಡು ಮನೆಗೆ ಬಂದು ಒಂದನ್ನು ತಿಂದೆ.

ಶಂಕ್ರಪ್ಪನವರು 6-30ರ ಬಸ್ಸಿಗೆ ಹೋದರು. ಹುಡುಗನ ಮುಖ ಮತ್ತೆ ನೋಡಲಿಲ್ಲ.

ದಿನಾಂಕ 6-8-1962 ಸೋಮವಾರ ಈಶಪ್ಪನಿಗೆ ಮೂತ್ರವಾಗಲಿಲ್ಲವೆಂದೂ, ಹೊಟ್ಟೆ ಉಬ್ಬಿದೆಯೆಂದೂ ಬಾವಿಯ ಹತ್ತಿರ ಕೇಳಿದೆ. ದಿನಾಂಕ 7-8-1962 ಮಂಗಳವಾರ ಮಧ್ಯಾಹ್ನ 2 ಗಂಟೆಗೆ ಮುದಕವ್ವ ಮತ್ತೆ ಕರೆಯಲು ಬಂದಳು. ಕಾಸಿದ ಇಟ್ಟಂಗಿಯನ್ನು ಬಟ್ಟೆಯಲ್ಲಿ ಸುತ್ತಿ ಕಾಲಿಗೆ ಇಟ್ಟಿದ್ದು, ಪಾದ ಸುಟ್ಟು ಬೊಕ್ಕೆ ಎದ್ದರೂ ಮಗನಿಗೆ ಗೊತ್ತಾಗಲಿಲ್ಲವೆಂದು ಹೇಳಿ ಅತ್ತಳು. ಇನ್ನೊಮ್ಮೆ ತುಳಿದರೆ ಸರಿಯಾದೀತು ಎಂದಳು. ದವಾಖಾನೆಗೆ ಒಯ್ಯಿರಿ ಎನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಹಾಗೆ ಹೇಳಿದರೆ, ನಿನಗೆ ಮೊದಲೇ ಗೊತ್ತಿತ್ತೇ ಎಂದು ಕೇಳುತ್ತಾಳೆ ಎಂದು ಅಂಜಿದೆ. ನನಗೆ ಜ್ವರ ಬಂದಿದೆ ಎಂದು ಹೇಳಿ ಕಂಬಳಿ ಹೊದ್ದು ಮಲಗಿದೆ. ಜ್ವರ ಇರಲಿಲ್ಲ.

ದಿನಾಂಕ 8-8-1962 ಬುಧವಾರ ಬೆಳಿಗ್ಗೆ ಅಂದಾನೆಪ್ಪ ದಾಂಡೇಲಿಯಿಂದ ಬಂದವನು ತಮ್ಮನನ್ನು ನೋಡಿದ ಕೂಡಲೇ ಚಕ್ಕಡಿ ಕಟ್ಟಿ ಎಂಟು ಮೈಲು ದೂರದ ಹಳಿಯಾಳಕ್ಕೆ, ಅಲ್ಲಿಂದ ಲಾರಿಯಲ್ಲಿ ಧಾರವಾಡಕ್ಕೆ ಒಯ್ದನು. ಅಲ್ಲಿ ಆಪರೇಷನ್ ಆಯಿತು. ಬೆನ್ನೆಲುಬಿನ ನಡುವಿನ ಗಾದಿ ಹೊರಗೆ ಸರಿದು ನರ ಒತ್ತಿಹೋಗಿದೆಯೆಂದೂ, ಕಾಲು ಜೋಮು ಹಿಡಿದ ದಿನವೇ ತಂದಿದ್ದರೆ ನಡೆಯುವ ಆಸೆ ಇತ್ತೆಂದೂ, ಅದು ಕಲ್ಲಿನಿಂದ ಎಷ್ಟು ಸರಿಯಿತು, ತುಳಿದ ಕಾಲಿನಿಂದ ಎಷ್ಟು ಸರಿಯಿತು ಎಂದು ಈಗ ಹೇಳಲಾಗದೆಂದೂ ಡಾಕ್ಟರರು ಹೇಳಿದರೆಂದು ಅಂದಾನೆಪ್ಪನೇ ಊರಲ್ಲಿ ಹೇಳಿದ್ದಾನೆ.

ದಿನಾಂಕ 6-9-1962 ಗುರುವಾರ ಈಶಪ್ಪನನ್ನು ಚಕ್ಕಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಊರಿಗೆ ತಂದರು. ಎರಡೂ ಕಾಲು ಎತ್ತಲು ಬರುವುದಿಲ್ಲ. ಮೂತ್ರಕ್ಕೆ ನಳಿಗೆ ಹಾಕಿದ್ದಾರೆ. ಶಂಕ್ರಪ್ಪನವರು ಮಗಳನ್ನು ಬೇರೆ ಕಡೆ ಗೊತ್ತು ಮಾಡಿದರೆಂದು ಸುದ್ದಿ ಇದೆ.

ನಿನ್ನೆ ದಿನಾಂಕ 9-9-1962 ರವಿವಾರ ಬೆಳಿಗ್ಗೆ 9 ಗಂಟೆಗೆ ನಾನು ಅವರ ಮನೆಗೆ ಮುಂದಿನ ಬಾಗಿಲಿನಿಂದ ಹೋದೆ. ಮುದಕವ್ವ ನನ್ನನ್ನು ನೋಡಿ ಒಳಗೆ ಎದ್ದುಹೋದಳು. ಈಶಪ್ಪನ ತೋಳು ಕರಗಿವೆ. ಅವನು, "ತುಳಿ ಅಂದಾಂವ ನಾನ. ನೀ ತುಳದಿ. ಪೊಲೀಸರ ಮುಂದ ಇಷ್ಟ ಹೇಳು, ಮಾಲಕ್ಕ. ನಾ ಕಾಲಿನ ಸುದ್ದಿ ಹೇಳಿದ್ದು ಯಾಕ ತಗೀತಿ? ಆಗ ನಾವಿಬ್ಬರ ಇದ್ದಿವಿ," ಎಂದನು. ಅವನ ಹಣೆಯ ಮೇಲೆ ನೊಣ ಕುಳಿತಿತ್ತು. ಅದನ್ನು ಓಡಿಸಿ ಬಂದೆ.

ಕೋಣೆಯಲ್ಲಿ ನಡೆದ ಮಾತನ್ನು ಬೇರೆ ಯಾರೂ ಕೇಳಿಲ್ಲವಾದ್ದರಿಂದ, ಅದನ್ನು ಬರೆಸಿದರೆ ನಿನಗೇ ತೊಂದರೆ, ನಂಬಿಕೆಯಿಂದ ತುಳಿದೆ ಎಂದಷ್ಟೇ ಬರೆದರೆ ಸಾಕು ಎಂದು ಜಮಾದಾರರು ನನಗೆ ಇಂದು ಎರಡು ಸಲ ತಿಳಿಸಿ ಹೇಳಿದರು. ಅದನ್ನು ಬಿಟ್ಟು ಬರೆದರೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ನಾನು ಹೇಳಿದ್ದರಿಂದ ಬರೆದುಕೊಂಡಿದ್ದಾರೆ. ಅವನ ಕಾಲು ಸತ್ತದ್ದು ತುಳಿಯುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ತುಳಿದೆ. ತುಳಿದ ಮೇಲೆ ಮೂರು ದಿನ ಬಾಯಿ ಬಿಡಲಿಲ್ಲ.

ಇದನ್ನೆಲ್ಲ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ಸುಳ್ಳು ಸೇರಿಲ್ಲ, ನಿಜ ಬಿಟ್ಟಿಲ್ಲ. ನನಗೆ ಓದು ಬರಹ ಬಾರದ ಕಾರಣ ಎಡಗೈ ಹೆಬ್ಬೆಟ್ಟು ಒತ್ತಿದ್ದೇನೆ.

ಸ್ಥಳ: ಹಳಿಯಾಳ
ದಿನಾಂಕ: 10-9-1962
ಮಾಲವ್ವ ಗಂಡ ಕರಿಬಸಪ್ಪ ಹೊಸೂರ, ಇವಳ ಎಡಗೈ ಹೆಬ್ಬೆಟ್ಟಿನ ಗುರುತು