ಮಂಜಲ್ಲಿ ಹೋದ ಗುಡ್ಡದ ರೈಲು

ಬೇಡ, ಆಟದ ಪಾರ್ಕಿನ ಹಿಂದಿನ ದಾರಿ ಬೇಡ. ಸುತ್ತಾದ್ರೂ ಸಮುದ್ರದ ಕಡೆಯಿಂದಲೇ ಮನೆಗೆ ಹೋಗೋಣ. ನಗು, ನಗು... ನಿನಗೇನು, ನೀನು ಲಂಡನ್ನಿನವಳು. ಈ ಹೊತ್ತಲ್ಲಿ ಆ ರೋಲರ್ ಕೋಸ್ಟರ್‌ನ ಮರದ ಕಂಬಗಳ ಕೆಳಗೆ ಒಂದ್ಸಲ ನಡೆದು ನೋಡು, ಆಮೇಲೆ ಮಾತಾಡು.

ನನ್ನ ಚಿಕ್ಕಪ್ಪನ ಮಗ ವಿಲ್ಫ್ ಇದ್ದನಲ್ಲ, ಅವನಿಗೇ ಆಗಿದ್ದು. ಅವರಿವರು ಹೇಳಿದ್ದಲ್ಲ. ನಾನೇ ಅಲ್ಲಿ ಟಿಕೆಟ್ ಕೊಡ್ತಿದ್ದೆ.

ಈಗಿನ ರೋಲರ್ ಕೋಸ್ಟರ್‌ಗಳಲ್ಲಿ ಎಲ್ಲಾ ಯಂತ್ರನೇ ನೋಡ್ಕೊಳ್ಳುತ್ತೆ. ನಮ್ಮದು ಹಳೇ ಕಾಲದ್ದು, ಮರದ್ದು. ಗುಡ್ಡದ ರೈಲು ಅಂತಿದ್ವಿ. ಡಬ್ಬಿಗಳ ಮಧ್ಯೆ ಒಬ್ಬ ನಿಂತ್ಕೊಂಡೇ ಹೋಗ್ಬೇಕು, ಕಬ್ಬಿಣದ ಹಿಡಿ ಎಳೆದು ಬ್ರೇಕು ಹಾಕ್ಬೇಕು. ಮೂರನೇ ಇಳಿಜಾರಲ್ಲಿ ಹಾಕ್ಲಿಲ್ವೋ, ಮುಗೀತು ಕತೆ, ತಿರುವಲ್ಲಿ ಹಳಿ ಬಿಟ್ಟು ಹಾರಿಬಿಡುತ್ತೆ. ಆ ಕೆಲಸ ವಿಲ್ಫ್‌ದು. ಹತ್ತಿ ನಿಂತ ಮೇಲೆ ಎರಡು ಸಲ ಹಲಗೆ ಮೇಲೆ ಕಾಲು ಬಡೀತಿದ್ದ... ದಡ್, ದಡ್. ಅಷ್ಟು ಕೇಳಿದ್ರೆ ಸಾಕು, ಪ್ಲಾಟ್‌ಫಾರ್ಮಲ್ಲಿದ್ದ ಕ್ಲೆಮ್ ರೈಲು ಬಿಡ್ತಿದ್ದ. ತಿರುಗಿ ಕೂಡ ನೋಡ್ತಿರ್ಲಿಲ್ಲ. ಅವರ ತಾತಂದಿರ ಕಾಲದಿಂದ ಹಾಗೇ ನಡ್ಕೊಂಡು ಬಂದಿತ್ತು.

ಆವತ್ತು ಸಂಜೆ ಸಮುದ್ರದಿಂದ ಮಂಜು ಎದ್ದು ಬಂತು. ಬಟ್ಟೆ ಎಲ್ಲಾ ಒದ್ದೆ. ವಿಲ್ಫ್‌ನ ಮಗಳು ಆಲಿವ್ ಹಠ ಮಾಡಿ ಮುಂದಿನ ಡಬ್ಬಿಲಿ ಕೂತಿದ್ಳು. ಹೆಂಡತಿ ಹೋದ ಮೇಲೆ ಅವನಿಗೆ ಇದ್ದಿದ್ದು ಆ ಮಗು ಒಂದೇ.

ಇವನು ನನ್ನ ಕಿಟಕಿ ಹತ್ರ ಬಂದ. "ಬೆಂಕಿಪೊಟ್ಟಣ ಕೊಡೇ."

"ಮಗೂನ ರೈಲಲ್ಲಿ ಕೂರ್ಸಿ ಸಿಗರೇಟ್ ಸೇದೋಕೆ ಬಂದ್ಯಾ? ನಾಚಿಕೆ ಆಗಲ್ವಾ?"

"ಜನ ಇನ್ನೂ ಹತ್ತುತಾ ಇದ್ದಾರೆ ಕಣೇ. ನಾನು ಕಾಲು ಬಡೀದೆ ಅದೆಲ್ಲಿ ಹೋಗುತ್ತೆ?"

ಅಷ್ಟರಲ್ಲೇ...

ದಡ್. ದಡ್.

ವಿಲ್ಫ್ ಕೈಲಿದ್ದ ಬೆಂಕಿಕಡ್ಡಿ ಬಿದ್ದೋಯ್ತು. ಆಮೇಲೆ ರೈಲನ್ನ ಮೇಲಕ್ಕೆ ಎಳೆಯೋ ಚೈನಿನ ಸದ್ದು. ಕಟ ಕಟ ಕಟ ಕಟ... ರೈಲು ಮೇಲಕ್ಕೆ ಹತ್ತುತಾ ಇತ್ತು.

"ನಿಲ್ಸೋ! ಕ್ಲೆಮ್, ಚೈನು ನಿಲ್ಸೋ!" ಅಂತ ವಿಲ್ಫ್ ಓಡಿದ, ಹಿಂದೆ ನಾನೂ ಓಡಿದೆ.

ಕ್ಲೆಮ್ ತಿರುಗಿದ. ವಿಲ್ಫ್‌ನ ನೋಡಿದ್ದೇ ಮುಖ ಸುಣ್ಣ ಬಳಿದ ಹಾಗಾಯ್ತು. "ನೀನು... ಇಲ್ಲಿದ್ದೀಯಾ? ಮತ್ತೆ ಬಡಿದಿದ್ದು ಯಾರೋ?"

ಚೈನಿನ ಸದ್ದು ನಿಂತೋಯ್ತು. ರೈಲು ತುದಿ ದಾಟಿ ಆಗಿತ್ತು.

ಏನೂ ಕಾಣಿಸಲ್ಲ, ಬರೀ ಮಂಜು. ಗಡಗಡಗಡ ಅಂತ ಮೊದಲನೇ ಇಳಿಜಾರು. ಜನ ಕಿರುಚ್ತಾರೆ, ಖುಷಿಗೆ. ಪಾಪ, ಅವರಿಗೇನು ಗೊತ್ತು? ಎರಡನೇದೂ ಆಯ್ತು. ವಿಲ್ಫ್ ನನ್ನ ತೋಳು ಹಿಡಿದಿದ್ದ, ಉಗುರು ನೆಟ್ಟಿತ್ತು. "ದೇವ್ರೇ, ನನ್ನ ಮಗು... ನನ್ನ ಮಗು..."

ಮೂರನೇದು.

ಕಿರ್ರ್ರ್ರ್...

ಬ್ರೇಕು! ಮರಕ್ಕೆ ಕಬ್ಬಿಣ ಉಜ್ಜೋ ಸದ್ದು.

"ಯಾರೋ ಹಿಡೀತಿದ್ದಾರೆ," ಅಂತ ವಿಲ್ಫ್ ಪಿಸುಗುಟ್ಟಿದ. "ನಾನು ಹಿಡಿಯೋ ಜಾಗಕ್ಕಿಂತ ಮುಂಚೇನೇ ಹಿಡೀತಿದ್ದಾರೆ."

ಇನ್ನೊಂದು ತಿರುವು, ಇನ್ನೊಂದು ಕಿರ್ರ್ರ್. ಹತ್ರ ಬಂತು... ಹತ್ರ ಬಂತು... ನಿಂತೋಯ್ತು. ಸದ್ದೇ ಇಲ್ಲ. ಪ್ಲಾಟ್‌ಫಾರ್ಮಿಗೆ ಮಾತ್ರ ರೈಲು ಬರ್ಲೇ ಇಲ್ಲ.

ವಿಲ್ಫ್ ಹಳಿ ಮೇಲೇ ಓಡಿದ. ನಾವು ಲ್ಯಾಂಟರ್ನ್ ಹಿಡ್ಕೊಂಡು ಹಿಂದೆ. ರೈಲು ಎತ್ತರದಲ್ಲಿ ಹಳಿ ಮೇಲೆ ಸುಮ್ನೆ ನಿಂತಿತ್ತು, ಆಚೆ ಈಚೆ ಬರೀ ಕಂಬಗಳು. ಬ್ರೇಕಿನ ಜಾಗದಲ್ಲಿ ಯಾರೂ ಇಲ್ಲ. ಹಿಡಿ ಪೂರ್ತಿ ಹಿಂದಕ್ಕೆ ಎಳೆದ ಹಾಗೇ ಇತ್ತು.

ಆಲಿವ್ ಅಪ್ಪನ ಮೇಲೆ ರೇಗಿದ್ಳು. "ಇಲ್ಯಾಕಪ್ಪಾ ನಿಲ್ಸಿದೆ? ಇಳಿಯೋಕೆ ಹಲಗೆನೇ ಇಲ್ಲ!"

ವಿಲ್ಫ್ ಅವಳನ್ನ ಬಾಚಿ ತಬ್ಕೊಂಡು ಗೊಳೋ ಅಂತ ಅತ್ತುಬಿಟ್ಟ. ಏಣಿ ಇಟ್ಟು ಒಬ್ಬೊಬ್ಬರನ್ನೇ ಇಳಿಸಿದ್ವಿ.

ಮಾರನೇ ದಿನ ಕ್ಲೆಮ್‌ನ ಅಮ್ಮನಿಗೆ ಎಲ್ಲಾ ಹೇಳಿದೆ. ಹುಡುಗಿಯಾಗಿದ್ದಾಗ ಆಕೆನೂ ಅಲ್ಲೇ ಟಿಕೆಟ್ ಕೊಡ್ತಿದ್ಳು. ರೈಲು ಎಲ್ಲಿ ನಿಂತಿತ್ತು ಅಂತ ಕೇಳಿದ್ಳು. ಹೇಳಿದೆ. ಚಹಾ ಕುಡೀತಿದ್ದೋಳು ಬಟ್ಟಲು ಕೆಳಗಿಟ್ಟಳು.

"ಅಲ್ಲೇ ತಾನೇ ನಮ್ಮ ಕಾಲದ ಬ್ರೇಕಿನವರು ಜನರನ್ನ ಇಳಿಸ್ತಿದ್ದಿದ್ದು? ಬೆಂಕಿ ಬಿದ್ದು ಹಳೇದು ಸುಟ್ಟುಹೋಗೋಕೆ ಮುಂಚೆ ಪ್ಲಾಟ್‌ಫಾರ್ಮ್ ಅಲ್ಲೇ ಇತ್ತು."

ಸುಳ್ಳಾದ್ರೆ ನನ್ನ ನಾಲಿಗೆ ಬಿದ್ದೋಗ್ಲಿ. ಏಣಿ ಹಿಡ್ಕೊಂಡಿದ್ದು ನಾನೇ ಕಣೇ.