ಮೂರು ಗಂಟೆಯ ಹೆಬ್ಬೆಟ್ಟು

ಆಷಾಢದ ಮಳೆ, ಮಧ್ಯಾಹ್ನ ಎರಡೂವರೆ. ನರಸಿಂಹರಾಜಪುರದ ಅರ್ಜಿ ಸೆಂಟರಿನ ಬೆಂಚಿನಲ್ಲಿ ಏಳೆಂಟು ಜನ ಒದ್ದೆ ಕೊಡೆಗಳನ್ನು ಕಾಲಸಂದಿಯಲ್ಲಿಟ್ಟುಕೊಂಡು ಕೂತಿದ್ದರು. ಪಿಂಚಣಿಗೆ ಹೆಬ್ಬೆಟ್ಟು ಕೊಡಲು ಅವತ್ತೇ ಕೊನೇ ದಿನ. ಕೊಡದವರ ಹೆಸರು ಹೊಡೆದುಹಾಕುತ್ತಾರೆ. ಒಳಗಿಂದ ಕಂಪ್ಯೂಟರಿನ ಕುಸುಮಾ, "ನೆಟ್ ಸ್ಲೋ ಇದೆ, ಕೂತಿರಿ" ಎಂದಳು.

"ಬಾಳೆಹೊನ್ನೂರು ಬಸ್ಸು ತಪ್ಪಿದ್ರೆ ನಿನ್ನ ಮನೆಗೇ ಬರ್ತೀನಿ ಬೂತಪ್ಪ, ಗಂಜಿ ಬೇಯಿಸಿಡು," ಎಂದು ವನಜಮ್ಮ ಗೊಣಗುತ್ತಾ ಬೆಂಚಿನ ಖಾಲಿ ಮೂಲೆಯತ್ತ ಸರಿದರು.

"ಆ ಮೂಲೆ ಬೇಡ ಅಕ್ಕಾ, ಈಚೆ ಬನ್ನಿ," ಎಂದ ಬೂತಪ್ಪ. ಇದೇ ಸೆಂಟರಿನಲ್ಲಿ ವರ್ಷಗಟ್ಟಲೆ ಕಸ ಗುಡಿಸಿದವನು ಅವನು. ಈಗ ತಾನೂ ಹೆಬ್ಬೆಟ್ಟು ಕೊಡಬೇಕಾದವನು. ಎಲ್ಲರೂ ಅವನ ಮುಖ ನೋಡಿದ್ದರಿಂದ, ಹೇಳದೆ ವಿಧಿಯಿರಲಿಲ್ಲ.

"ಕೇಳಿ... ಮೂರು ವರ್ಷದ ಹಿಂದೆ ಕುಸುಮನ ಜಾಗದಲ್ಲಿ ರಾಕೇಶ ಅಂತ ಇದ್ದ. ಕೆಟ್ಟವನಾ? ಅಲ್ಲ ಮಾರಾಯ್ರೆ. ಮೂರು ಕಂಪ್ಯೂಟರು, ಒಂದು ನೆಟ್ಟಿನ ಡಬ್ಬಿ, ಬೆಳಗ್ಗಿಂದ ನೂರು ಜನ, ಎಲ್ಲರದ್ದೂ ಅರ್ಜೆಂಟೇ... ಅವನಿಗೂ ಸಾಕಾಗ್ತಿತ್ತು. ಸಾಕಾದಾಗ ಮೇಜಿನ ಕೆಳಗೆ ಕಾಲು ಚಾಚಿ ಡಬ್ಬಿಯ ವೈರು ಎಳೀತಿದ್ದ. ಅದರ ಕೊಂಡಿ ಮುರಿದಿತ್ತು, ಮುಟ್ಟಿದ್ರೆ ಜಾರ್ತಿತ್ತು. ಆಮೇಲೆ, 'ನೆಟ್ ಸ್ಲೋ, ನಾಳೆ ಬನ್ನಿ.' ಕಸ ಗುಡಿಸೋನಿಗೆ ಮೇಜಿನ ಕೆಳಗಿಂದು ಕಾಣದೆ ಇರ್ತದಾ? ಕಂಡಿತ್ತು. ಹೇಳಿದ್ನಾ ಯಾರಿಗಾದ್ರೂ? ಇಲ್ಲ... ದಿನಾ ನಂಗೆ ಟೀ ತರಿಸಿಕೊಡ್ತಿದ್ದವನು ಅವನೇ.

"ಸೀತೂರಿಂದ ಸುಬ್ಬಿ ಅಂತ ಮುದುಕಿ ಬರ್ತಿದ್ಲು. ಐವತ್ತು ವರ್ಷ ಅಡಿಕೆ ಸುಲಿದವಳ ಹೆಬ್ಬೆಟ್ಟಲ್ಲಿ ಗೆರೆ ಎಲ್ಲಿ ಉಳೀತದೆ? ಅಡಿಕೆ ಚೊಗರಿನ ಕಲೆ ಹಿಡಿದು ಕಪ್ಪು, ಸವೆದು ನುಣ್ಣಗೆ... ಮೆಷಿನ್ನು ತಗೊಳ್ಳಲ್ಲ. ಅದಕ್ಕೇ ಲಿಂಬೆಹೋಳು ತಿಕ್ಕಿ, ತೆಂಗಿನೆಣ್ಣೆ ಸವರಿ, ಸೆರಗಲ್ಲಿ ಒರೆಸಿ ಇಡೋದು. ಹತ್ತು ಸಲ ಇಟ್ಟರೆ ಒಂದು ಸಲ ಬಂದ್ರೆ ಬಂತು. ಆ ವರ್ಷ ಹೆಬ್ಬೆಟ್ಟು ಕೊಡೋ ಕೊನೇ ದಿನ, ಹೀಗೇ ಮಳೆ, ಒಂಬತ್ತನೇ ಸಲಕ್ಕೆ ಹಸಿರು ದೀಪ ಮಿಣುಕಿತು. 'ಬಂತು ತಮ್ಮಾ!' ಅಂತ ನಕ್ಕಳು. ಗಡಿಯಾರದಲ್ಲಿ ಮೂರು. ರಾಕೇಶನಿಗೆ ಕೊಪ್ಪದ ಬಸ್ಸಿಗೆ ಹೊತ್ತಾಗಿತ್ತು... ಕಾಲು ಕೆಳಗೆ ಹೋಯ್ತು.

"'ನೆಟ್ ಹೋಯ್ತಜ್ಜಿ.'

"'ಇರ್ಲಿ ತಮ್ಮಾ, ಬರೋತನಕ ಕೂರ್ತೀನಿ.'

"ಅಗೋ, ಆ ಮೂಲೇಲಿ ಕೂತ್ಲು. ರಾಕೇಶ ಹೋದ. ಐದಕ್ಕೆ ನಾನು ಬಾಗಿಲು ಹಾಕೋಕೆ ಬಂದ್ರೆ... ಲಿಂಬೆಹೋಳು ಮಡಿಲಲ್ಲಿ, ಎಣ್ಣೆ ಒರೆಸಿಹೋಗಬಾರದು ಅಂತ ಹೆಬ್ಬೆಟ್ಟು ಮೇಲಕ್ಕೆ ಹಿಡ್ಕೊಂಡೇ ಇದ್ಲು. ಜೀವ ಇರಲಿಲ್ಲ.

"ಮಾರನೇ ದಿನದಿಂದ ನೆಟ್ಟು ನಿಜಕ್ಕೂ ನಿಧಾನ ಆಯ್ತು. ಮೂರು ಗಂಟೆಗೆ ಸರಿಯಾಗಿ. ರಾಕೇಶ ಆಣೆ ಹಾಕಿದ್ರೂ ಜನ ನಂಬ್ತಾರಾ? ಕೊನೆಗೆ ಕೊಪ್ಪದಿಂದ ರಿಪೇರಿ ಯೋಗೇಂದ್ರನ್ನ ಕರೆಸಿದ. ಅವನು ವೈರು ಬದಲಾಯಿಸಿದ, ಡಬ್ಬಿ ಆಫ್ ಮಾಡಿ ಆನ್ ಮಾಡಿದ, ಒಂದೊಂದೇ ಕಂಪ್ಯೂಟರಿನ ವೈರು ಬಿಚ್ಚಿದ... ಮೂರೂ ಬಿಚ್ಚಿದ್ರೂ ಡಬ್ಬಿಯ ದೀಪ ಮಿಣಮಿಣ ಅಂತಾನೇ ಇತ್ತು. ತನ್ನ ಲ್ಯಾಪ್‌ಟಾಪ್ ನೋಡಿ ಅವನ ಮುಖ ಇಳೀತು. 'ನೆಟ್ಟೆಲ್ಲ ಒಬ್ಬರೇ ಎಳೀತಿದಾರಲ್ಲೋ ಮಾರಾಯ. ಒಂದೇ ಅರ್ಜಿ, ಸಾವಿರ ಸಲ ಕಳಿಸ್ತಿದಾರೆ... ನಿಮ್ಮ ಹೆಬ್ಬೆಟ್ಟು ಮೆಷಿನ್ನಿಂದ.'

"ಮೆಷಿನ್ನು ಕಪಾಟಿನಲ್ಲಿತ್ತು, ವೈರು ಸುತ್ತಿಟ್ಟು. ತೆಗೆದ್ರೆ ಗಾಜಿನ ಮೇಲೆ ಒಂದು ಗೆರೆಯೂ ಇಲ್ಲದ ಕಪ್ಪು ಗುರುತು, ಹಸಿ ಎಣ್ಣೆ, ಲಿಂಬೆ ವಾಸನೆ. ಯೋಗೇಂದ್ರ ಒರೆಸಿ, ಕಂಪ್ಯೂಟರಿಗೆ ಸಿಕ್ಕಿಸಿ, 'ನಿನ್ನದೊಮ್ಮೆ ಇಡು, ನೋಡಾಣ' ಅಂದ. ರಾಕೇಶ ಇಟ್ಟ, ತಗೊಳ್ಳಲಿಲ್ಲ. ಹತ್ತು ಸಲ ಇಟ್ಟ. ಆಮೇಲೆ ಬೆರಳನ್ನ ಬೆಳಕಿಗೆ ಹಿಡಿದು ನೋಡಿದ... ಮೂವತ್ತು ತುಂಬದ ಪ್ರಾಯ, ಕೂತು ಕೆಲಸ ಮಾಡಿದ ಕೈ, ಹೆಬ್ಬೆಟ್ಟು ಮಾತ್ರ ಸವೆದು ನುಣ್ಣಗೆ, ಚೊಗರಿನ ಕಪ್ಪು. ಯೋಗೇಂದ್ರ ಚೀಲವನ್ನೂ ಎತ್ತಿಕೊಳ್ಳದೆ ಬೈಕ್ ಹತ್ತಿದ."

ವನಜಮ್ಮ ಮೆಲ್ಲಗೆ, "ವೈರು ಎಳೆದಾಗ ನೀ ಒಂದು ಮಾತು ಹೇಳಬಹುದಿತ್ತಲ್ಲೋ," ಎಂದರು.

"ಹೇಳಬಹುದಿತ್ತು ಅಕ್ಕಾ."

ಬೂತಪ್ಪ ಅಂಗಿಯ ಜೇಬಿನಿಂದ ಅರ್ಧ ಲಿಂಬೆಹೋಳು ತೆಗೆದು ಬಲಗೈ ಹೆಬ್ಬೆಟ್ಟಿಗೆ ತಿಕ್ಕತೊಡಗಿದ. ಬೆರಳು ಕಪ್ಪಗಿತ್ತು, ತೊಳೆದ ಹೊಳೆಗಲ್ಲಿನ ಹಾಗೆ ನುಣ್ಣಗಿತ್ತು. "ನಾನು ಜನ್ಮದಲ್ಲೇ ಅಡಿಕೆ ಸುಲಿದವನಲ್ಲ," ಎಂದ. ಬೆಳಗ್ಗಿಂದ ಎಂಟು ಸಲ ಇಟ್ಟು ಬಂದಿದ್ದ.

ಒಳಗೆ ಕುಸುಮಾ ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡುವ ಸದ್ದು ಕೇಳಿಸಿತು. ಅವನು ಗಡಿಯಾರ ನೋಡಿ, ಖಾಲಿ ಮೂಲೆಗೆ ಇನ್ನಷ್ಟು ಜಾಗ ಬಿಟ್ಟು ಕೂತ.

"ರಾಕೇಶ ಊರು ಬಿಟ್ಟದ್ದು ಭೀಮನ ಅಮಾವಾಸ್ಯೆಯ ಮಾರನೇ ದಿನ, ಶುಕ್ರವಾರ. ಅವಳು ಹೋಗಿಲ್ಲ... ಸ್ವಲ್ಪ ಈಚೆ ಸರೀರಿ ಅಕ್ಕಾ, ಮೂರಾಯ್ತು."